ಕತ್ತರಿಗೈ

ಎಡಗಾಲು, ಎಡಗಾಲೇ, ನೀರಿನ ನಲ್ಲಿಯ ತನಕ ಎಡಗಾಲನ್ನು ಎಳೆದುಕೊಂಡು ಹೋದ ಮುದುಕ ಹಿಂದಿರುಗುವಾಗಲೂ ಎಡಗಾಲನ್ನೇ ಎಳೆಯುತ್ತಿದ್ದಾನೆ, ಹಾಗಾದರೆ ನೋವು ನಿಜ, ಇಲ್ಲವೇ ಆಳು ಕಸುಬು ಬಲ್ಲವನು — ಥೂ, ಏನು ಕಣ್ಣೋ ನನ್ನದು, ಆರೈಕೆ ಮನೆಯ ಮೊಗಸಾಲೆಯಲ್ಲಿ ಕೂತು ಮುದುಕರ ಕುಂಟು ಸರಿಯಿದೆಯೇ ಎಂದು ಪರೀಕ್ಷಿಸುವ ಕಣ್ಣು, ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದರೆ ಹೀಗೇ ಆಗುವುದು, ಹೋದ ವಾರ ಯಾವ ಕಾಲಿಗೆ ಏಟು ಬಿತ್ತು, ಈ ವಾರ ಯಾವ ಕಾಲು ಕುಂಟಬೇಕು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಯಾರ ಹುಬ್ಬಿನ ಮೇಲೆ ಇನ್ನೂ ಪಟ್ಟಿ ಇರಬೇಕು, ಟಿವಿ ಕುಸ್ತಿಯ ಕಥೆ ಹಳಿ ತಪ್ಪದ ಹಾಗೆ ಕಾಯುತ್ತಿದ್ದವಳು ನಾನು, ಈಗ ಕಾಯಲು ಕಥೆಯಿಲ್ಲ, ತೊಡೆಯ ಮೇಲೆ ಬಾಳೆಹಣ್ಣಿನ ಪುಡಿಂಗಿನ ಡಬ್ಬಿ ಇದೆ, ತಣ್ಣಗಿದ್ದದ್ದು ಬೆವರಿ ಲಂಗದ ಮೇಲೆ ಒದ್ದೆ ಉಂಗುರ ಬಿಟ್ಟಿದೆ, ಆಗಸ್ಟಿನ ಟೆನೆಸಿಯಲ್ಲಿ ಬೆವರದ ವಸ್ತು ಯಾವುದಿದೆ, ಮುಚ್ಚಿದ ಬಾಗಿಲಿನ ಆಚೆ ನರ್ಸ್ ವಿಲೆಟ್ಟಾ ನನ್ನ ತಮ್ಮನನ್ನು ಮಗ್ಗುಲು ಬದಲಿಸುತ್ತಿದ್ದಾಳೆ, ಎರಡು ಗಂಟೆಗೊಮ್ಮೆ ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಅವಳ ದನಿ ಇಲ್ಲಿಗೂ ಕೇಳುತ್ತಿದೆ, ಏ ಗ್ರೇಡಿ, ದೊಡ್ಡ ದೊಡ್ಡ ಗಂಡಸರನ್ನ ತಲೆ ಮೇಲೆತ್ತಿ ಬಿಸಾಕ್ತಿದ್ದೆ ಅಂತೀಯ, ಈಗ ನಿನ್ನನ್ನ ಎತ್ತಿ ಹಾಕೋಳು ನಾನು, ಹಂಗಾದ್ರೆ ಆ ಬಂಗಾರದ ಬೆಲ್ಟು ನಂಗೇ ಸೇರ್ಬೇಕಲ್ವೇನೋ, ಗ್ರೇಡಿ ನಗುತ್ತಾನೆ, ಗಂಟಲಿನಿಂದ ಮೇಲಕ್ಕಷ್ಟೇ ಇರುವ ನಗು, ಮೊದಲು ಆ ನಗು ಹೊಟ್ಟೆಯಿಂದ ಹೊರಟರೆ ಊಟದ ಮೇಜು ಅಲುಗುತ್ತಿತ್ತು, ಇವತ್ತು ಹೇಳಿಬಿಡಬೇಕು, ಪ್ರತಿ ಭಾನುವಾರ ಚರ್ಚಿನಿಂದ ಇಲ್ಲಿಗೆ ಬರುವ ದಾರಿಯುದ್ದಕ್ಕೂ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತೇನೆ, ಒಂದೂವರೆ ವರ್ಷದ ಭಾನುವಾರಗಳು, ಬಂದು ಪುಡಿಂಗ್ ತಿನ್ನಿಸಿ ಹವಾಮಾನದ ಮಾತಾಡಿ ಹೋಗುತ್ತೇನೆ, ಆದರೆ ಇವತ್ತು ತಪ್ಪಿಸಿಕೊಳ್ಳುವಂತಿಲ್ಲ, ಶುಕ್ರವಾರ ಲಾನಿ ಫೋನು ಮಾಡಿದ್ದ, ಗ್ರೇಡಿ ಬಿದ್ದ ದಿನ ರೆಫರಿಯಾಗಿದ್ದ ಲಾನಿ, ಈಗ ಟೈರು ಅಂಗಡಿಯಲ್ಲಿದ್ದಾನೆ, ಹಿಂದೆ ಗಾಳಿ ತುಂಬುವ ಯಂತ್ರದ ಸದ್ದು, ಮಿಸ್ ಕೊರಿನ್, ಒಂದೇ ಮಾತು, ನಾ ಕೈ ಎತ್ತಿದ್ದನ್ನ ನೀವು ನೋಡಿದ್ರಿ ಅಲ್ವಾ, ಅವನು ಬಿದ್ದ ಕೂಡ್ಲೇ ಎತ್ತಿದ್ದೆ ಅಲ್ವಾ, ಅವನ ತಲೆ ಮಾತ್ರ ನಾ ಮುಟ್ಲಿಲ್ಲ, ನಮ್ಮಮ್ಮನಾಣೆ ಮುಟ್ಲಿಲ್ಲ, ಅಷ್ಟು ಗ್ರೇಡಿಗೆ ಹೇಳ್ಬಿಡಿ, ನಂಗೆ ಬೇರೇನೂ ಬೇಡ — ಹೇಳ್ತೀನಿ ಲಾನಿ, ಅಂದೆ, ಅಂದಮೇಲೆ ಹೇಳಲೇಬೇಕು, ಆದರೆ ಲಾನಿಯ ಮಾತನ್ನಷ್ಟೇ ಹೇಳಿ ನನ್ನದನ್ನು ನುಂಗಿಕೊಳ್ಳುವುದು ಹೇಗೆ, ಒಂದರ ಬಾಲ ಇನ್ನೊಂದಕ್ಕೆ ಕಟ್ಟಿದೆ.

ಅಪ್ಪ ಇದ್ದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ, ಅಪ್ಪ ಮಾಂಸದಂಗಡಿಯ ಕಂದು ಕಾಗದದ ಸುರುಳಿ ತಂದು ಅಡುಗೆಮನೆಯ ಗೋಡೆಗೆ ಉದ್ದಕ್ಕೆ ಅಂಟಿಸಿ ಸೀಸದಕಡ್ಡಿಯಲ್ಲಿ ನಮ್ಮ ಕುಸ್ತಿ ಕಂಪನಿಯ ಕಥೆ ಬರೆಯುತ್ತಿದ್ದ, ಒಲೆಯ ಹತ್ತಿರ ಮಾರ್ಚ್ ತಿಂಗಳು, ಹಿತ್ತಿಲ ಬಾಗಿಲಿನ ಹತ್ತಿರ ನವೆಂಬರ್, ಯಾರು ಗೆಲ್ಲಬೇಕು ಯಾರು ಸೋಲಬೇಕು ಎನ್ನುವುದಕ್ಕಿಂತ ಯಾರು ಎಷ್ಟು ದಿನ ಕಾಯಬೇಕು ಎನ್ನುವುದೇ ಅಪ್ಪನ ಲೆಕ್ಕಾಚಾರ, ಒಂದು ಏಟು ಬಿದ್ರೆ ಅದು ಎಂಟು ತಿಂಗಳು ಬೇಯ್ಬೇಕು ಪುಟ್ಟಿ, ಹಸಿಹಸಿ ಬಡಿಸಿದ್ರೆ ಜನ ತಟ್ಟೆಗೇ ಉಗೀತಾರೆ, ಎಂಬತ್ತಾರರಲ್ಲಿ ಗ್ರೇಡಿಗೆ ಇಪ್ಪತ್ತೆರಡು, ಮಾರ್ಚಿನಲ್ಲಿ ಖಳನೊಬ್ಬ ಅವನ ಕಾಲು ಮುರಿದ, ಕಥೆಯಲ್ಲಿ, ನಿಜವಾಗಿ ಕಾಲಿಗೆ ಗೀರೂ ಬಿದ್ದಿರಲಿಲ್ಲ, ಆದರೂ ಮೊಣಕಾಲಿನವರೆಗೆ ಪ್ಲಾಸ್ಟರು, ಏಳು ವಾರ ಊರುಗೋಲು, ಅಂಗಡಿಗೂ ಊರುಗೋಲು, ಚರ್ಚಿಗೂ ಊರುಗೋಲು, ಕಾಲು ನೆಟ್ಟಗಿದೆಯೆಂದು ಗೊತ್ತಿದ್ದದ್ದು ಮೂರೇ ಜನಕ್ಕೆ, ಅಪ್ಪ, ಅವನು, ನಾನು, ಅಮ್ಮನಿಗೂ ಹೇಳಿರಲಿಲ್ಲ, ಅಮ್ಮ ದಿಂಬು ತಂದು ಕಾಲಡಿಗಿಟ್ಟು ಅಳುತ್ತಿದ್ದಳು, ಪಕ್ಕದ ಮನೆಯವರು ಮೂರು ಸಲ ಕೋಳಿ ಬೇಯಿಸಿ ಕಳಿಸಿದರು, ಗ್ರೇಡಿ ಒಬ್ಬನೇ ಇರುವಾಗಲೂ ಕುಂಟುತ್ತಿದ್ದ, ಒಮ್ಮೆ ಮಾತ್ರ ಫೋನಿಗೆ ಓಡಿಬಂದು ಮರೆತು ಇನ್ನೊಂದು ಕಾಲು ಕುಂಟಿದ, ಅಪ್ಪ ಪೇಪರಿನಿಂದ ತಲೆಯೆತ್ತದೆ, ಎಡಗಾಲು ಕಣೋ ಕತ್ತೆ, ಪ್ಲಾಸ್ಟರ್ ಯಾವ್ದಕ್ಕಿದೆ ಅಂತ ಬಗ್ಗಿ ನೋಡ್ಕೋ, ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು, ಅಮ್ಮ ಒಳಗಿಂದ ಏನದು ಅಂದಳು, ಏನಿಲ್ಲ ಅಂದೆವು, ನವೆಂಬರಿನಲ್ಲಿ ಅವನು ಕೊನೆಗೂ ಆ ಖಳನ ಎದುರು ನಿಂತಾಗ ಗಿರಣಿಯಿಂದ ನೇರ ಬಂದಿದ್ದ ಹೆಂಗಸರು, ಕೂದಲಲ್ಲಿ ಇನ್ನೂ ಹತ್ತಿಯ ನೂಲು, ನಿಂತು ಅತ್ತರು, ಗೆದ್ದದ್ದಕ್ಕಲ್ಲ, ಕಾದದ್ದಕ್ಕೆ, ಅವರೂ ಎಂಟು ತಿಂಗಳು ಕಾದಿದ್ದರಲ್ಲ, ಅದು ಮೋಸವೇ, ಕಾಲೇಜಿನಲ್ಲಿ ಮೇಷ್ಟ್ರೊಬ್ಬರು ನಿಮ್ಮಪ್ಪ ಏನು ಮಾಡುತ್ತಾರೆ ಎಂದಾಗ ನಾಚಿಕೊಂಡು ವ್ಯಾಪಾರ ಎಂದಿದ್ದೆ, ಆಮೇಲೆ ಓದಿದ ಎಷ್ಟೋ ಪುಸ್ತಕಗಳಿಗಿಂತ ಆ ಗೋಡೆಯ ಕಾಗದಕ್ಕೆ ಹೆಚ್ಚು ತಾಳ್ಮೆಯಿತ್ತು, ಮತ್ತೆ ಅದಕ್ಕೂ ಮುಂಚೆ, ಅರವತ್ತೇಳು, ನನಗೆ ಹನ್ನೊಂದು, ಯಾವುದೋ ಸಣ್ಣ ಊರು, ಮುಂದಿನ ಸಾಲಿನಲ್ಲಿ ನಾನು, ಹಗ್ಗದ ಮೇಲಿಂದ ಒಬ್ಬ ಕೆಟ್ಟದಾಗಿ ಬಿದ್ದ, ರೆಫರಿ ಬಗ್ಗಿ ನೋಡಿ ನೆಟ್ಟಗಾಗಿ ಎರಡು ಮುಂಗೈಗಳನ್ನು ತಲೆಯ ಮೇಲೆ ಕತ್ತರಿಯ ಹಾಗೆ ಅಡ್ಡ ಹಿಡಿದ, ಅಷ್ಟೇ, ಎರಡು ಬಾಗಿಲೂ ಒಟ್ಟಿಗೆ ತೆರೆದವು, ಒಂದರಿಂದ ನಾಯಕರು, ಒಂದರಿಂದ ಖಳರು, ಒಂದೇ ಕಾರಿನಲ್ಲಿ ಕೂರಬಾರದ, ಒಂದೇ ಹೋಟೆಲಿನಲ್ಲಿ ತಿನ್ನಬಾರದ ಜನ, ಎಲ್ಲ ಒಟ್ಟಿಗೆ ಓಡಿಬಂದರು, ಊರೆಲ್ಲ ಶಾಪ ಹಾಕುತ್ತಿದ್ದ ಮಹಾಖಳ ಮಂಡಿಯೂರಿ ಬಿದ್ದವನ ತಲೆಯನ್ನು ಎರಡು ಅಂಗೈಗಳ ನಡುವೆ ಮೊಟ್ಟೆಯಂತೆ ಹಿಡಿದ, ಜನ ಟೋಪಿ ತೆಗೆದರು, ಮುಂದಿನ ವಾರ ಅದೇ ಜನ ಅದೇ ಖಳನಿಗೆ ಕಡಲೆಕಾಯಿ ಸಿಪ್ಪೆ ಎಸೆದರು, ಕಂಡದ್ದನ್ನು ಒಬ್ಬರೂ ಎತ್ತಿ ಆಡಲಿಲ್ಲ, ನಮ್ಮ ಕಥೆಯ ಮಾನವನ್ನು ಅವರೇ ಕಾಪಾಡಿದರು, ಕಾರಿನಲ್ಲಿ ಅಪ್ಪ ಅಂದ, ಪುಟ್ಟಿ, ನಾವು ಮಾಡೋದೆಲ್ಲ ಕಥೆ, ಅದೊಂದು ಮಾತ್ರ ಕಥೆಯಲ್ಲ, ಪೆಟ್ಟು ನಿಜ ಅಂತ ಹೇಳೋ ಕೈ ಅದು, ಆ ಕೈನ ಯಾವತ್ತೂ ಕಾಗದದ ಮೇಲೆ ತರಬಾರ್ದು.

ತಂದೆ ನಾನು, ನಾನೇ ತಂದೆ ಕಾಗದದ ಮೇಲೆ, ಅಪ್ಪ ತೊಂಬತ್ತೈದರಲ್ಲಿ ಹೋದ, ಎರಡು ವರ್ಷಕ್ಕೆ ಸುಗ್ಗಿ ಬಂತು, ಎರಡು ದೊಡ್ಡ ಕಂಪನಿಗಳು ಸೋಮವಾರ ಸೋಮವಾರ ಟಿವಿಯಲ್ಲಿ ಜಿದ್ದಿಗೆ ಬಿದ್ದವು, ದೇಶಕ್ಕೆ ದೇಶವೇ ಕುಸ್ತಿ ನೋಡತೊಡಗಿತು, ಇಸ್ಕೂಲಿನ ಮಕ್ಕಳ ಅಂಗಿಯ ಬೆನ್ನ ಮೇಲೆಲ್ಲ ಕುಸ್ತಿಯವರ ಮುಖ, ಆ ದೊಡ್ಡ ತೇರುಗಳ ಹಿಂದೆ ನಮ್ಮ ಸಣ್ಣ ಕಂಪನಿಯೂ ಹಗ್ಗ ಕಟ್ಟಿಕೊಂಡು ಓಡಿತು, ಮೊದಲ ವರ್ಷ ಚೆನ್ನಾಗಿತ್ತು, ನಾನು ಸುಳ್ಳು ಹೇಳಬಾರದು, ಈಗ ಎಲ್ಲರೂ ಹಳೆಯದೇ ಚೆಂದ ಎನ್ನುತ್ತಾರೆ, ಇಲ್ಲ, ಕೆಲಸಗಾರ ಮತ್ತು ಮಾಲೀಕನ ಜಗಳದ ಕಥೆಯೊಂದನ್ನು ಐದು ತಿಂಗಳು ನಡೆಸಿದೆವು, ಗಿರಣಿ ಮುಚ್ಚಿ ಮನೆಯಲ್ಲಿ ಕೂತಿದ್ದ ಜನ ಮಾಲೀಕನ ಕೆನ್ನೆಗೆ ಏಟು ಬಿದ್ದಾಗ ಕುರ್ಚಿಯ ಮೇಲೆ ಹತ್ತಿ ಕೂಗಿದರು, ಅಪ್ಪನ ಒರಟು ಸೀಸದಕಡ್ಡಿಗೆ ಇಲ್ಲದ ಒಂದು ಸಿಟ್ಟು ಅದರಲ್ಲಿತ್ತು, ನನ್ನ ಮೈಯೂ ಜುಮ್ಮೆಂದಿತ್ತು, ಆಮೇಲೆ ಬೆಳಗಾದರೆ ಚೀಟಿ ಬರತೊಡಗಿತು, ಯಾವ ಕಾಲು ಗಂಟೆಯಲ್ಲಿ ಎಷ್ಟು ಜನ ನೋಡಿದರು, ಯಾವ ಕಾಲು ಗಂಟೆಯಲ್ಲಿ ಎಷ್ಟು ಜನ ಬೇರೆ ಚಾನೆಲಿಗೆ ಹೋದರು, ಚೀಟಿಯ ಹಿಂದೆಯೇ ನಮ್ಮ ಕಥೆ ಬರೆಯಲು ಟ್ರೆಂಟ್ ಬಂದ, ಲಾಸ್ ಏಂಜಲಿಸಿನಲ್ಲಿ ನಗೆ ನಾಟಕ ಬರೆದವನು, ಇಪ್ಪತ್ತೆಂಟು ವಯಸ್ಸು, ಬಾಯಲ್ಲಿ ಸದಾ ಐಸು ಕಡಿಯುವ ಸದ್ದು, ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಿತ್ತು, ನನಗೆ ಕುರ್ಚಿ ಎಳೆದುಕೊಡುತ್ತಿದ್ದ, ಮಿಸ್ ಕೊರಿನ್, ಏಳು ವಾರ ಕುಂಟೋದಾ, ನಮ್ಮಜ್ಜಿನೂ ಅಷ್ಟು ದಿನ ಕುಂಟಲಿಲ್ಲ, ಜನ ಏಳು ನಿಮಿಷ ಕಾಯಲ್ಲ ಈಗ, ಹಾಗಾಗಿ ಕುಂಟು ಜಾಹೀರಾತಿನವರೆಗೂ ಉಳಿಯಲಿಲ್ಲ, ಹೋದ ಶನಿವಾರದ ನಾಯಕ ಈ ಶನಿವಾರ ಖಳ, ಮುಂದಿನ ಶನಿವಾರ ಮತ್ತೆ ನಾಯಕ, ಬದುಕಿರುವವನಿಗೆ ಶವಪೆಟ್ಟಿಗೆ, ಮುಗಿಯದ ಮದುವೆಗಳು, ರಾಜೀನಾಮೆ ಕೊಟ್ಟವನು ಸೋಡಾ ಕುಡಿಯುವಷ್ಟರಲ್ಲಿ ವಾಪಸ್ಸು, ನಾನು ಪಟ್ಟಿ ಹಿಡಿದು ಹೋಗುತ್ತಿದ್ದೆ, ಟ್ರೆಂಟ್, ಇವರಿಬ್ಬರು ಹೋದ ತಿಂಗಳು ಅಣ್ಣತಮ್ಮಂದಿರು ಅಂತ ಹೇಳಿದೀವಿ, ಅವನು, ನೆನಪಿಟ್ಟುಕೊಂಡಿರೋಳು ಇಡೀ ಅಮೆರಿಕಾದಲ್ಲಿ ನೀವೊಬ್ರೇ ಮಿಸ್ ಕೊರಿನ್, ಎಲ್ಲರೂ ನಕ್ಕರು, ನಾನೂ ನಕ್ಕೆ, ಹೆದರಿ ನಗುವುದು ನನಗೆ ಚೆನ್ನಾಗಿ ಬರುತ್ತದೆ, ಜನವೂ ಬದಲಾದರು, ಮುಂದೇನಾಗುತ್ತೋ ಎಂದು ಕೇಳುತ್ತಿದ್ದವರು ಈ ಸಲ ನಮ್ಮನ್ನು ಹೇಗೆ ಏಮಾರಿಸುತ್ತಾರೋ ಎಂದು ಕೇಳತೊಡಗಿದರು, ಎರಡೂ ಒಂದೇ ಪ್ರಶ್ನೆಯಲ್ಲ, ಆಮೇಲೆ ತೊಂಬತ್ತೊಂಬತ್ತರ ಸೆಪ್ಟೆಂಬರು, ಕೋಣೆಯ ತುಂಬ ಪಿಜ್ಜಾ ಡಬ್ಬಿ, ಟ್ರೆಂಟ್ ಹಲಗೆಯ ಮೇಲೆ ಗ್ರೇಡಿಯ ಹೆಸರಿಗೆ ಗೀಟು ಹಾಕಿದ, ಬೇಜಾರಾಗ್ಬೇಡಿ, ನಿಮ್ಮ ತಮ್ಮ ಒಳ್ಳೆಯವನೇ, ಮೂವತ್ತೈದಾಯ್ತು, ಅವನ ಹತ್ರ ಕಥೆ ಉಳಿದಿಲ್ಲ, ಜನಕ್ಕೆ ಈಗ ನಿಜ ಅನ್ನಿಸೋ ಅಂಥದ್ದು ಬೇಕು, ಎಲ್ಲಿಂದ ತರೋಣ ಹೇಳಿ, ಎಲ್ಲ ಖಾಲಿಯಾಯ್ತು — ಗ್ರೇಡಿಗೆ ಬೇರೆ ಕಸುಬು ಬರುವುದಿಲ್ಲ, ಅವನಿಗೆ ಬೀಳುವುದೊಂದೇ ಬರುವುದು, ನನ್ನ ಬಾಯಿ ತಾನಾಗಿ ತೆರೆಯಿತು, ರೆಫರಿಗಳದ್ದು ಒಂದು ಸನ್ನೆ ಇದೆ, ಅಂದೆ, ಐಸು ಕಡಿಯುವ ಸದ್ದು ನಿಂತಿತು, ಯಾವ ಸನ್ನೆ, ನಾನು ಎದ್ದು ನಿಂತು, ಲಂಗ ಸರಿಮಾಡಿಕೊಂಡು, ಎರಡು ಕೈಗಳನ್ನು ತಲೆಯ ಮೇಲೆ ಅಡ್ಡ ಹಿಡಿದು ತೋರಿಸಿದೆ.

ಅಕ್ಟೋಬರಿನಲ್ಲಿ ಗ್ರೇಡಿ ಬಿದ್ದ, ಕಥೆಯಲ್ಲಿ, ರೆಫರಿ ತಲೆಯ ಮೇಲೆ ಕೈ ಕತ್ತರಿ ಮಾಡುತ್ತಾನೆ, ನಾನೇ ಟೈಪು ಮಾಡಿದ ಸಾಲು, ಮೇಲೆ ಟ್ರೆಂಟನ ಹೆಸರು, ಎರಡು ವರ್ಷದಿಂದ ಕೇಳದಿದ್ದ ಮೌನವೊಂದು ಸಭಾಂಗಣದಲ್ಲಿ ಬಿತ್ತು, ಆಂಬುಲೆನ್ಸು ಬಂತು, ಹೆಂಗಸೊಬ್ಬಳು ಪ್ರಾರ್ಥನೆಗೆ ಕೈ ಜೋಡಿಸಿದಳು, ಇಪ್ಪತ್ತು ನಿಮಿಷಕ್ಕೆ ಗ್ರೇಡಿ ಅದೇ ಆಂಬುಲೆನ್ಸಿನಿಂದ ಕುರ್ಚಿ ಹಿಡಿದು ಹಾರಿ ಹೊರಬಂದ, ಛಾವಣಿ ಕಿತ್ತುಹೋಗುವ ಕೂಗು, ಚೀಟಿಯಲ್ಲಿ ವರ್ಷದಲ್ಲೇ ದೊಡ್ಡ ಅಂಕಿ, ಗ್ರೇಡಿಯ ಹೆಸರಿನ ಮೇಲಿನ ಗೀಟು ಒರೆಸಿದರು, ಅವನು ಟ್ರೆಂಟನ ಬೆನ್ನು ತಟ್ಟಿ ಥ್ಯಾಂಕ್ಸ್ ಹೇಳಿದ, ನಾನು ಪಕ್ಕದಲ್ಲೇ ನಿಂತು ಕಾಫಿ ಕಲಕಿದೆ, ಆ ಪ್ರಾರ್ಥನೆ ಮಾಡಿದ ಹೆಂಗಸಿನ ಮುಖವನ್ನು ಮಾತ್ರ ಮತ್ತೆ ಹುಡುಕಲಿಲ್ಲ, ನವೆಂಬರಿನಲ್ಲಿ ಇನ್ನೊಬ್ಬನಿಗೆ ಅದೇ ಕೈ, ಡಿಸೆಂಬರಿನಲ್ಲಿ ಎರಡು ಸಲ, ಆ ಹೊತ್ತಿಗೆ ಮೌನವೂ ಸವೆದಿತ್ತು, ರೆಫರಿ ಕೈ ಎತ್ತಿದರೆ ಜನ ಶಿಳ್ಳೆ ಹಾಕಿ ತಾವೂ ಕೈ ಕತ್ತರಿ ಮಾಡಿ ಕುಣಿಯುತ್ತಿದ್ದರು, ಆಮೇಲೆ ಫೆಬ್ರವರಿಯ ಆ ಶನಿವಾರ ಮಧ್ಯಾಹ್ನ, ನಾನು ಪರದೆಯ ಹಿಂದೆ ಟಿವಿಯ ಮುಂದೆ, ಕೈಯಲ್ಲಿ ಅಂದಿನ ಹಾಳೆಗಳು, ಗ್ರೇಡಿ ಹಗ್ಗದ ಮೇಲಿಂದ ಹಾರಿದ, ಪಾದ ಒಂದು ಚೂರು ಜಾರಿತು, ಕುತ್ತಿಗೆಯ ಮೇಲೆ ಬಿದ್ದ, ಮುಖ ಆ ಕಡೆಗೆ, ಲಾನಿ ಬಗ್ಗಿದ, ಎದ್ದ, ತಲೆಯ ಮೇಲೆ ಕೈ ಕತ್ತರಿ, ನಾಲ್ಕು ಸಾವಿರ ಜನ ಹೋ ಎಂದು ಎದ್ದು ನಾಲ್ಕು ಸಾವಿರ ಜೊತೆ ಕೈಗಳನ್ನು ಅಡ್ಡ ಹಿಡಿದರು, ನಾನು ಹಾಳೆ ನೋಡಿದೆ, ಹಾಳೆಯಲ್ಲಿ ಅದಿಲ್ಲ, ತಿರುವಿ ನೋಡಿದೆ, ಇಲ್ಲ, ಆಗ ನನಗೆ ಬಂದದ್ದು ಭಯವಲ್ಲ, ಇದೇ, ಇದನ್ನೇ ಹೇಳಬೇಕಾದದ್ದು, ನನಗೆ ಬಂದದ್ದು ಸಿಟ್ಟು, ನನಗೆ ಹೇಳದೆ ಟ್ರೆಂಟ್ ಇದನ್ನು ಸೇರಿಸಿದ್ದಾನೆ, ನನ್ನ ಸನ್ನೆಯನ್ನು ನನಗೇ ಹೇಳದೆ, ತಲೆಯೆತ್ತಿ ನೋಡಿದರೆ ಟ್ರೆಂಟ್ ಆಚೆ ಮೂಲೆಯಿಂದ ನನ್ನ ಕಡೆ ಹೆಬ್ಬೆಟ್ಟು ಎತ್ತಿ ನಗುತ್ತಿದ್ದಾನೆ, ನಾನು ಸೇರಿಸಿದ್ದೇನೆಂದು ಅವನು, ಅವನು ಸೇರಿಸಿದ್ದಾನೆಂದು ನಾನು, ಮುಖ ತಿರುಗಿಸಿಕೊಂಡೆ, ಸ್ಟ್ರೆಚರಿನವರು ಕೋಲಾ ಬಾಟಲಿ ಹಿಡಿದು ಕೇಳಿದರು, ಎಷ್ಟು ಹೊತ್ತಿಗೆ ಹೊರಡೋದಮ್ಮ, ಇರಿ, ಹೇಳ್ತೀನಿ, ಅಂದೆ, ಇರಿ ಹೇಳ್ತೀನಿ, ನಾಲ್ಕು ನಿಮಿಷ, ಲಾನಿ ಕೂಗುತ್ತಿದ್ದ, ಆದರೆ ಡಿಸೆಂಬರಿನಲ್ಲೂ ಹಾಗೆಯೇ ಕೂಗಿಸಿದ್ದೆವಲ್ಲ, ಅವನು ಅಳುತ್ತ ರಿಂಗಿನಿಂದ ಇಳಿದು ಓಡಿಬಂದು ಪರದೆ ಹರಿಯುವ ಹಾಗೆ ಎಳೆದ ಮೇಲೆಯೇ ನಾವೆಲ್ಲ ಓಡಿದ್ದು, ಕುತ್ತಿಗೆಯ ಮೂಳೆ ಅವನು ಬಿದ್ದಾಗಲೇ ಬಿರಿದಿದೆ, ಅಂದರು ಡಾಕ್ಟರು, ಬೆನ್ನುಹುರಿ ಹೋದದ್ದು ಬಹುಶಃ ಆಮೇಲೆ, ಯಾರೋ ತಲೆ ಅಲ್ಲಾಡಿಸಿರಬೇಕು, ಅದನ್ನು ನಾನು ಗ್ರೇಡಿಗೆ ಹೇಳಲಿಲ್ಲ, ಕಂಪನಿಯವರು ಟೇಪು ಹಾಕಿದರು, ಆ ನಾಲ್ಕು ನಿಮಿಷವೂ ಕ್ಯಾಮೆರಾ ಲಾನಿಯ ಕೈಗಳ ಮೇಲಿದೆ, ರೆಫರಿಯ ಪಟ್ಟೆ ಅಂಗಿಯ ತೋಳುಗಳು, ಒಂದರ ಮೇಲೊಂದು, ಮತ್ತೆ ಗ್ರೇಡಿ ಕಾಣುವಾಗ ಮುಖ ನಮ್ಮ ಕಡೆಗಿದೆ, ಯಾರೂ ಗಮನಿಸಲಿಲ್ಲ, ನಾನು ಗಮನಿಸಿದೆ, ಅದು ತಾನೆ ನನ್ನ ಕೆಲಸ, ಮೊದಲು ಆ ಕಡೆಗಿತ್ತು, ಆಮೇಲೆ ಈ ಕಡೆಗಿದೆ, ಅಂದೆ, ಲಾನಿ ತಿರುಗಿಸಿದ ಎಂದು ನಾನು ಹೇಳಲಿಲ್ಲ, ನಾನು ಮಾತನ್ನು ತೂಗಿ ಆಡುವವಳು, ಆದರೆ ಪಕ್ಕದಲ್ಲಿದ್ದವನು ಲಾನಿಯೊಬ್ಬನೇ, ಸೋಮವಾರ ಅವನ ಕೆಲಸ ಹೋಯಿತು, ಆಮೇಲೆ ಯಾವ ಕಂಪನಿಯೂ ಅವನನ್ನು ಹತ್ತಿರ ಸೇರಿಸಲಿಲ್ಲ, ಆಮೇಲೆ ಕಂಪನಿಗಳೇ ಉಳಿಯಲಿಲ್ಲ, ಸುಗ್ಗಿ ಮುಗಿಯಿತು, ಟ್ರೆಂಟ್ ನಗೆ ನಾಟಕಕ್ಕೆ ವಾಪಸ್ಸು ಹೋದ, ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸಿದ್ದ, ನಾನು ಉಳಿದೆ, ಕಣ್ಣು ಮುಚ್ಚಿದರೆ ಆ ಪಟ್ಟೆ ತೋಳುಗಳು.

ಬನ್ನಿ ಮಿಸ್ ಕೊರಿನ್, ನಿಮ್ಮ ಪೈಲ್ವಾನ ತಯಾರು, ವಿಲೆಟ್ಟಾ ಬಾಗಿಲು ತೆರೆದು ಡಬ್ಬಿಯ ಕಡೆ ಕಣ್ಣು ಹಾಕಿ, ನಂಗೂ ಎರಡು ಚಮಚ ಉಳ್ಸಿ, ಎತ್ತೋಳು ನಾನು, ಎಂದು ಹೋಗುತ್ತಾಳೆ, ಕೋಣೆಯಲ್ಲಿ ಪೌಡರಿನ ವಾಸನೆ, ಗ್ರೇಡಿಯ ಕೂದಲನ್ನು ಬದಿಗೆ ಬಾಚಿದ್ದಾಳೆ, ಅಪ್ಪನ ಹಾಗೆ ಕಾಣುತ್ತಾನೆ, ಅಕ್ಕಾ, ಮುಖ ಯಾಕೆ ಹಂಗೆ, ಚರ್ಚಲ್ಲಿ ಪಾದ್ರಿ ನಿನ್ನೇ ನೋಡ್ಕೊಂಡು ಪಾಪದ ವಿಷ್ಯ ಮಾತಾಡಿದ್ರಾ, ನಾನು ನಗುವುದಿಲ್ಲ, ಕುರ್ಚಿ ಎಳೆದು ಕೂರುತ್ತೇನೆ, ಚಮಚ ತುಂಬುತ್ತೇನೆ, ಒಂದು ತಿನ್ನಿಸುತ್ತೇನೆ, ಇನ್ನೊಂದು, ಲಾನಿ ಫೋನು ಮಾಡಿದ್ದ, ಅನ್ನುತ್ತೇನೆ, ನನ್ನ ದನಿ ಯಾರದೋ ಆಗಿ ಕೇಳಿಸುತ್ತದೆ, ಲಾನಿನಾ, ಹೇಗಿದಾನೆ, ಬಡ್ಡೀಮಗ ಒಂದು ಸಲನೂ ನೋಡೋಕೆ ಬರಲಿಲ್ಲ, ನಾ ಅವನ ಮುಂದೆ ಅಳ್ತೀನಿ ಅಂತ ಹೆದರಿದ್ನೋ ಏನೋ, ಗ್ರೇಡಿ, ನಿನಗೆ ಒಂದು ಮಾತು ಹೇಳು ಅಂದ ಅವನು, ಅನ್ನುತ್ತೇನೆ, ಅವತ್ತು ನಿನ್ನ ತಲೆ ತಾನು ಮುಟ್ಟಲಿಲ್ಲವಂತೆ, ತಿರುಗಿಸಲಿಲ್ಲವಂತೆ, ಗ್ರೇಡಿ ಹುಬ್ಬು ಗಂಟಿಕ್ಕುತ್ತಾನೆ, ಮುಟ್ಟಲಿಲ್ಲ ನಿಜ, ಅವನು ಯಾಕೆ ತಿರುಗಿಸ್ತಾನೆ, ತಿರುಗಿಸಿದ್ದು ನಾನೇ ಅಲ್ವಾ — ಚಮಚ ನಿಂತಿದೆ — ನೀನಾ, ಹೂಂ ನಾನೇ, ಬಿದ್ದಾಗ ಭಾರೀ ನೋವು ಅಕ್ಕ, ಬೆರಳೆಲ್ಲ ಜುಂ ಜುಂ, ಕಾಲು ಆಡ್ತಿತ್ತು, ಆಗಿನ್ನೂ ಕಾಲಿತ್ತು, ಆದ್ರೂ ಏನೋ ಹೆಚ್ಚುಕಮ್ಮಿ ಆಯ್ತು ಅಂತ ಹೆದರಿಕೆ, ಆಮೇಲೆ ಕಣ್ಣು ಮೇಲೆತ್ತಿದ್ರೆ ಲಾನಿ ಕೈ, ಕತ್ತರಿ, ಅಯ್ಯೋ ಸದ್ಯ ಅಂದ್ಕೊಂಡೆ, ಇದು ಅಕ್ಕನ ಕಥೆ, ನಂಗೆ ಹೇಳದೇನೇ ಬರ್ದಿದ್ದಾಳೆ, ಮುಖ ನಿಜವಾಗಿ ಬರ್ಲಿ ಅಂತ, ಏನು ಹಂಗ್ ನೋಡ್ತೀಯ, ಅಕ್ಟೋಬರಿಂದೂ ನಿಂದೇ ಅಂತ ನಂಗೆ ಅವತ್ತೇ ಗೊತ್ತು, ಟ್ರೆಂಟ್ ಮುಖಕ್ಕೆ ಅಂಥಾದ್ದು ಎಲ್ಲಿ ಹೊಳೀಬೇಕು, ನನ್ನ ಕೆಲಸ ಉಳಿಸಿದ್ದು ನೀನು, ಹೇಳ್ಕೊಳೋಕೆ ನಿಂಗೆ ನಾಚ್ಕೆ ಅಂತ ನಾನೂ ಸುಮ್ನಿದ್ದೆ, ಹಾಗೇ ಇದೂ ನಿಂದೇ ಅಂತ ನೆಮ್ಮದಿ ಆಯ್ತು, ಹೆದರಿಕೆ ಹೋಯ್ತು, ಕ್ಯಾಮೆರಾ ಈ ಕಡೆ ಇತ್ತಲ್ಲ, ನೋವು ಮುಖದಲ್ಲಿ ಕಾಣ್ಬೇಕು ಅಂತ ಅಪ್ಪ ಬಡ್ಕೊಳ್ತಿದ್ದ, ಅದಕ್ಕೇ ತಲೆ ತಿರುಗಿಸ್ದೆ, ಆ ಟೇಪು ನಾನು ನೋಡೇ ಇಲ್ಲ, ನೀನು ನೋಡಿದೀಯಲ್ಲ, ಚೆನ್ನಾಗಿ ಬಂತಾ ಅಕ್ಕಾ — ಲಾನಿಯದು ತಪ್ಪಿಲ್ಲ ಎನ್ನಬೇಕಾದರೆ ಡಾಕ್ಟರು ಅಂದದ್ದನ್ನು ಹೇಳಬೇಕು, ಡಾಕ್ಟರು ಅಂದದ್ದನ್ನು ಹೇಳಿದರೆ ಇವನ ಕಾಲನ್ನು ಇವನೇ ಕಳೆದುಕೊಂಡದ್ದು, ನನ್ನ ಕಥೆಗಾಗಿ, ಹಾಳೆಯಲ್ಲಿ ಇಲ್ಲದ ಕಥೆಗಾಗಿ, ಅವನು ಕಾಯುತ್ತಿದ್ದಾನೆ, ತುಟಿಯ ಅಂಚಿನಲ್ಲಿ ಪುಡಿಂಗ್ ಅಂಟಿದೆ, ಒರೆಸಬೇಕು, ಮಾತು, ಯಾವುದಾದರೂ ಒಂದು ಮಾತು, ಚೆನ್ನಾಗಿ ಬಂತಾ, ಮುಖ ನನಗೆ ನೆನಪಿಲ್ಲ ಗ್ರೇಡಿ, ನೂರು ಸಲ ನೋಡಿದ ಟೇಪಿನಲ್ಲಿ ನಾನು ಕಂಡದ್ದು ಕೈ, ಪಟ್ಟೆ ಅಂಗಿಯ ಎರಡು ತೋಳು, ಒಂದರ ಮೇಲೊಂದು, ನಾಲ್ಕು ನಿಮಿಷ, ಇರಿ, ಹೇಳ್ತೀನಿ, ಎರಡು ತೋಳು, ಅಡ್ಡ, ತಲೆಯ ಮೇಲೆ, ಇಳಿಯುವುದಿಲ್ಲ, ಎರಡು ತೋಳು —